ಮೂರನೇ ಮೇಜಿನ ಹುಳಿ ಬೀಜಗಳು

ಅತ್ತೆ ಸೊಸೆ ಇಬ್ಬರೂ ದುಡಿಯುವುದು ಒಂದೇ ಕಾಫಿ ಕಾರ್ಖಾನೆಯಲ್ಲಿ. ಬೆಳಿಗ್ಗೆ ಎಂಟಕ್ಕೆ ಒಂದೇ ಗೇಟಿನಿಂದ ಒಳಗೆ ಹೋಗುತ್ತಾರೆ. ಅಲ್ಲಿಂದ ಮುಂದೆ ಅತ್ತೆ ಎಡಕ್ಕೆ, ಸೊಸೆ ಬಲಕ್ಕೆ. ಎಡಗಡೆ ಇರುವುದು ಆರಿಸುವ ಹಜಾರ. ಅಲ್ಲಿ ಉದ್ದುದ್ದ ಮೇಜುಗಳ ಸುತ್ತ ಹೆಂಗಸರು ಕೂತು, ಜರಡಿಯಿಂದ ಇಳಿದ ಹಸಿ ಬೀಜದ ರಾಶಿಯೊಳಗಿಂದ ಕರಿದು, ಮುರಿದದ್ದು, ಹುಳು ಕೊರೆದದ್ದು, ಹುಳಿತದ್ದು ಎಲ್ಲವನ್ನೂ ಕೈಯಲ್ಲೇ ಹೆಕ್ಕಿ ತೆಗೆಯುತ್ತಾರೆ. ಬಲಗಡೆ ಇರುವುದು ಪರೀಕ್ಷೆ ಕೋಣೆ. ಅಲ್ಲಿ ಸೊಸೆ ಒಬ್ಬಳೇ ಕೂತು, ಎಡಗಡೆಯವರು ಎಷ್ಟು ಬಿಟ್ಟಿದ್ದಾರೆ ಎಂದು ಎಣಿಸುತ್ತಾಳೆ. ಅತ್ತೆಯ ಕೆಲಸದಲ್ಲಿ ತಪ್ಪು ಹುಡುಕುವುದಕ್ಕೆ ಸಂಬಳ ತೆಗೆದುಕೊಳ್ಳುವ ಸೊಸೆ ಊರಿಗೆಲ್ಲ ಇವಳೊಬ್ಬಳೇ ಇರಬೇಕು. ಉಳಿದವರು ಅದನ್ನು ಪುಕ್ಕಟೆಯಾಗಿ ಮಾಡುತ್ತಾರೆ.

ಅತ್ತೆಗೆ ಹಜಾರದಲ್ಲಿ ಹದ್ದಮ್ಮ ಎಂದೇ ಹೆಸರು. ಮೂವತ್ತೊಂದು ವರ್ಷದಿಂದ ಮೂರನೇ ಮೇಜಿಗೆ ಅವರೇ ಹಿರಿಯರು. ಮೇಜಿನ ಆರು ಜನ ಆರಿಸಿದ್ದು ಕೊನೆಗೆ ಅವರ ಮುಂದೆ ಹಾದು, ಅವರು ಒಮ್ಮೆ ಕಣ್ಣಾಡಿಸಿದ ಮೇಲೆಯೇ ಚೀಲಕ್ಕೆ ಬೀಳಬೇಕು. ಹದ್ದಮ್ಮ ನೋಡಿದ ಚೀಲವನ್ನು ಮತ್ತೆ ನೋಡುವವರು ಹುಚ್ಚರು ಎಂದು ಸೂಪರ್‌ವೈಸರೇ ಹೇಳುತ್ತಿದ್ದ ಕಾಲವೊಂದಿತ್ತು.

ಆ ಸೋಮವಾರ ಸೊಸೆಯ ಮುಂದೆ ಬಂದ ತಟ್ಟೆಯ ಮೇಲೆ ಬರೀ ನಂಬರಿನ ಚೀಟಿ ಇತ್ತು. ಯಾವ ಮೇಜಿನ ಮಾಲು ಎಂದು ಪರೀಕ್ಷೆ ಮಾಡುವವರಿಗೆ ತಿಳಿಯಬಾರದು ಎಂಬುದು ಕಾರ್ಖಾನೆಯ ನಿಯಮ. ಆದರೆ ಅವಳಿಗೆ ತಿಳಿಯಿತು. ಮುನ್ನೂರು ಗ್ರಾಂ ಬೀಜವನ್ನು ಕಪ್ಪು ಬಟ್ಟೆಯ ಮೇಲೆ ಹರಡಿದರೆ, ಒಂದು ಕರಿ ಬೀಜವಿಲ್ಲ, ಒಂದು ಚೂರು ಸಿಪ್ಪೆಯಿಲ್ಲ, ಕಡ್ಡಿಯಿಲ್ಲ, ಕಲ್ಲಿಲ್ಲ. ಅಷ್ಟು ಅಚ್ಚುಕಟ್ಟು ಮೂರನೇ ಮೇಜಿನದೇ. ಆದರೆ ಹಸಿರು ನೀಲಿ ಬೀಜಗಳ ನಡುವೆ ಅಲ್ಲೊಂದು ಇಲ್ಲೊಂದು ಹಳದಿಗೆ ತಿರುಗಿದ, ಕೆಂಪಡರಿದ ಬೀಜ. ಹಣ್ಣು ಸುಲಿಯುವುದು ತಡವಾಗಿ ಒಳಗೇ ಹುಳಿತ ಬೀಜ ಅದು. ಎಂಟರವರೆಗೆ ಇದ್ದರೆ ಒಂದನೇ ದರ್ಜೆ. ಒಂಬತ್ತಾದರೆ ಮಾಲು ಮತ್ತೆ ಮೇಜಿಗೆ ವಾಪಸು, ಇನ್ನೊಂದು ಸಲ ಆರಿಸಬೇಕು. ಸೊಸೆ ಎಣಿಸಿದಳು. ಹತ್ತೊಂಬತ್ತು.

ಅದೇ ಮಾಲಿನ ಬೇರೊಂದು ಹಿಡಿ ಹುರಿದು, ಪುಡಿಮಾಡಿ, ಐದು ಕಪ್ಪಿಗೆ ಬಿಸಿನೀರು ಹೊಯ್ದು, ಚಮಚದಿಂದ ಸುರ್ರೆಂದು ಹೀರಿ ನೋಡಿದಳು. ನಾಲ್ಕನೇ ಕಪ್ಪಿನಲ್ಲಿ ಕೊಳೆತ ಹಣ್ಣಿನ ಹುಳಿ ನಾಲಗೆಯ ಬದಿಗೆ ಹತ್ತಿಕೊಂಡಿತು. ಉಗಿದು ಬಾಯಿ ತೊಳೆದುಕೊಂಡಳು.

ಹಿಂದಿನ ವಾರವೇ ಅವಳು ಮೂರನೇ ಮೇಜಿನ ಒಂದು ಮಾಲನ್ನು ವಾಪಸು ಕಳಿಸಿದ್ದಳು. ಅದರ ಫಲ ಮನೆಯಲ್ಲಿ ನಾಲ್ಕು ದಿನ ಉಂಡಿದ್ದಳು. ಅತ್ತೆ ಇವಳು ಮಾಡಿದ ಅಡುಗೆ ಮುಟ್ಟದೆ ಬ್ರೆಡ್ಡು ನೀರಲ್ಲಿ ಅದ್ದಿ ತಿಂದರು. ಇವಳು ಒಗೆದ ಬಟ್ಟೆಯನ್ನು ಇವಳ ಎದುರೇ ಮತ್ತೆ ಒಗೆದರು. ಪಕ್ಕದ ಮನೆಯವಳ ಹತ್ತಿರ, "ನಮ್ಮನೇಲಿ ಈಗ ಆಫೀಸರಮ್ಮ ಇದಾರೆ, ಮೆಲ್ಲಗೆ ಮಾತಾಡಿ" ಎಂದರು. ಮತ್ತೆ ಆ ನಾಲ್ಕು ದಿನ ಯಾರಿಗೆ ಬೇಕು? ಅವಳು ಕಾಗದದ ಮೇಲೆ ಹುಳಿ ಬೀಜ ಏಳು ಎಂದು ಬರೆದಳು. ರುಚಿ ಚೊಕ್ಕ ಎಂದು ಬರೆದಳು. ಸಹಿ ಹಾಕಿದಳು.

ಆಮೇಲೆ ಒಂದು ವಿಚಿತ್ರ ಮಾಡಿದಳು. ಎಣಿಸಿದ ಬೀಜವನ್ನು ಡಬ್ಬಿಗೆ ತುಂಬಿ, ಅಂಟುಕಾಗದ ಸುತ್ತಿ, ತಾರೀಕು ಬರೆದು ಆರು ತಿಂಗಳು ಕಪಾಟಿನಲ್ಲಿ ಇಡುವುದು ಪದ್ಧತಿ. ಸುಳ್ಳು ಬರೆದವರು ಯಾರಾದರೂ ಹನ್ನೆರಡು ಹುಳಿ ಬೀಜ ಕಿಟಕಿಯಾಚೆ ಎಸೆದು ಡಬ್ಬಿ ಮುಚ್ಚುತ್ತಿದ್ದರು. ಇವಳ ಕೈ ಅದಕ್ಕೆ ಬಗ್ಗಲಿಲ್ಲ. ಬಂದ ಮಾಲು ಬಂದ ಹಾಗೇ ಇರಬೇಕು ಎಂದು ಒಂಬತ್ತು ವರ್ಷ ಕಲಿತ ಕೈ ಅದು. ಹತ್ತೊಂಬತ್ತನ್ನೂ ಡಬ್ಬಿಗೆ ಸುರಿದು ಭದ್ರವಾಗಿ ಮುಚ್ಚಿದಳು.

ಸಂಜೆ ಅತ್ತೆಯ ಮುಖ ಅರಳಿತ್ತು. ತಾವೇ ಮೊಟ್ಟೆ ಬೇಯಿಸಿ, ಎಲ್ಲರ ತಟ್ಟೆಗೂ ಎರಡೆರಡು ಹಾಕಿದರು.

"ಏಳಂತೆ, ಬರೀ ಏಳು. ಹಿಂದಿನ ವಾರ ಹೇಳಿದ್ನಲ್ಲ, ಆ ಟ್ಯೂಬ್‌ಲೈಟೇ ಸರಿ ಇರ್ಲಿಲ್ಲ ಅಂತ? ಶನಿವಾರ ಬದಲಾಯ್ಸಿದ್ರು. ನೋಡು ಈಗ!" ಎಂದರು.

ಹದಿಮೂರು ವರ್ಷದ ಮೊಮ್ಮಗಳು ತನ್ನ ಶಾಲೆಯ ಅಂಗಿ ಎತ್ತಿ ಹಿಡಿದಳು. "ಅಜ್ಜಿ, ಇದನ್ನ ನೀನು ಒಗೆದಿದ್ದಾ? ಕಾಲರ್ ಪೂರ್ತಿ ಹಳದಿ ಹಾಗೇ ಇದೆ."

"ಎಲ್ಲೇ ಹಳದಿ? ಹಾಲಿನ ಹಾಗಿದೆ."

"ಅಜ್ಜೀ, ಇದು ಹಾಲಾದ್ರೆ ಆ ಹಸುಗೆ ಕಾಮಾಲೆ."

ಹುಡುಗಿಯ ಅಪ್ಪ ನಕ್ಕ. ಸೊಸೆ ನಗಲಿಲ್ಲ. ಮೆಲ್ಲಗೆ, "ಅತ್ತೆ, ಒಂದ್ಸಲ ಕಣ್ಣು ತೋರಿಸ್ಕೊಂಡು ಬಂದುಬಿಡೋಣ" ಎಂದಳು.

ಅತ್ತೆ ತಟ್ಟೆ ಪಕ್ಕಕ್ಕಿಟ್ಟರು. "ನನ್ನ ಕಣ್ಣು ಹೋಗಿದ್ರೆ ಏಳು ಹೇಗೆ ಬರುತ್ತೆ? ನೀನೇ ತಾನೆ ಎಣಿಸಿದ್ದು? ನೀನೇ ತಾನೆ ಸಹಿ ಹಾಕಿದ್ದು?"

ತಾನೇ ಬರೆದ ಕಾಗದವನ್ನು ಅತ್ತೆ ತನ್ನ ಮುಖಕ್ಕೇ ಹಿಡಿದರೆ ಏನು ಹೇಳುವುದು? ಸೊಸೆ ಗಂಡನ ಕಡೆ ನೋಡಿದಳು. ಅವನು ಸಿಟಿ ಬಸ್ಸಿನ ಕಂಡಕ್ಟರು. "ಇಡೀ ದಿನ ಬಸ್ಸಲ್ಲಿ ಸೀಟಿಗೆ ಜಗಳ ಆಡೋರನ್ನ ಬಿಡಿಸಿ ಬಂದಿರ್ತೀನಿ. ಮನೇಲೂ ಬಿಡಿಸ್ಬೇಕು ಅಂದ್ರೆ ನನಗೆ ಓವರ್‌ಟೈಮ್ ಕೊಡ್ಬೇಕು" ಎಂದು ಮೊಟ್ಟೆಗೆ ಉಪ್ಪು ಉದುರಿಸಿಕೊಂಡ.

ಅದಾದ ಮೂರನೇ ವಾರ ಮಾಲು ಕೊಂಡವರಿಂದ ಪತ್ರ ಬಂತು. ಅವರೂ ತಮ್ಮಲ್ಲಿ ಎಣಿಸಿದ್ದರು, ಕುಡಿದು ನೋಡಿದ್ದರು. ಮಾಲು ಹುಳಿ, ಒಂದನೇ ದರ್ಜೆ ಖಂಡಿತ ಅಲ್ಲ, ಎಲ್ಲ ಚೀಲವೂ ವಾಪಸು ಬರುತ್ತಿದೆ ಎಂದು ಬರೆದಿದ್ದರು. ಸೂಪರ್‌ವೈಸರು ಪತ್ರ ಹಿಡಿದು ಪರೀಕ್ಷೆ ಕೋಣೆಗೆ ಬಂದ. ಸೊಸೆ ಚಮಚ ಕೆಳಗಿಟ್ಟು ಎದ್ದು ನಿಂತಳು. ಆತ ಮಾತ್ರ ಅವಳನ್ನು ಸಂಶಯದಿಂದ ನೋಡಲೂ ಇಲ್ಲ.

"ನಿಮ್ಮ ಕಾಗದ ನೋಡ್ದೆ ಅಮ್ಮ. ಏಳು ಅಂತಿದೆ. ನಿಮ್ಮ ಎಣಿಕೆ ತಪ್ಪಲ್ಲ ಅಂತ ನನಗೆ ಗೊತ್ತು. ಅಂದ್ಮೇಲೆ ಸ್ಯಾಂಪಲ್ ತೆಗೆಯೋವಾಗ ಒಳ್ಳೆ ಚೀಲ ಮಾತ್ರ ಸಿಕ್ಕಿದೆ, ಕೆಟ್ಟ ಚೀಲ ತಪ್ಪಿಸ್ಕೊಂಡಿದೆ. ಆ ಚೀಲ ಯಾರು ತುಂಬಿದ್ದು ಅನ್ನೋದೇ ಪ್ರಶ್ನೆ. ಮೂರನೇ ಮೇಜಲ್ಲಿ ಹೊಸಬಳು ಒಬ್ಬಳೇ."

ಕಪಾಟಿನ ಡಬ್ಬಿ ಒಂದು ಮಾರು ದೂರದಲ್ಲಿತ್ತು. 'ತೆಗೆದು ನೋಡೋಣ ಸಾರ್' ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಸೊಸೆ ಅನ್ನಲಿಲ್ಲ. ಆತ ಹೊರಟುಹೋದ.

ಹೊಸಬಳೆಂದರೆ ಗುಂಗುರು. ತಲೆತುಂಬ ಗುಂಗುರು ಕೂದಲಿದ್ದ, ಐದು ತಿಂಗಳ ಹಿಂದೆ ಸೇರಿದ ಹುಡುಗಿ. ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ, ಇವಳೊಬ್ಬಳದೇ ದುಡಿಮೆ. ಮಧ್ಯಾಹ್ನದ ಊಟದ ಗಂಟೆ ಹೊಡೆಯುವ ಮೊದಲೇ ಅವಳನ್ನು ಮೇಜಿನಿಂದ ಎಬ್ಬಿಸಿ ಕಳಿಸಿದರು. ಊಟದ ಡಬ್ಬಿ ಬಿಚ್ಚದೆ ಹಾಗೇ ಹಿಡಿದುಕೊಂಡು ಹೋದಳಂತೆ.

ಅಂದು ಸಂಜೆ ಬೇಳೆ ಒಲೆಯ ಮೇಲಿಟ್ಟು ಸೊಸೆ ತಿರುಗುವಷ್ಟರಲ್ಲಿ ಅತ್ತೆ ಶುರು ಮಾಡಿದರು.

"ಆ ಹುಡುಗಿ ಬಾಯಿ ಸುಮ್ನೆ ಇರ್ತಿರ್ಲಿಲ್ಲ. ಕೈ ಇಲ್ಲಿ, ಕಣ್ಣು ಎಲ್ಲೋ. ಸೂಪರ್‌ವೈಸರ್ ಕೇಳಿದ್ರು, ನಾನೂ ಇದ್ದದ್ದು ಇದ್ದ ಹಾಗೆ ಹೇಳ್ದೆ."

"ಏನು ಹೇಳಿದ್ರಿ?"

"ಅವಳು ಸರಿಯಾಗಿ ನೋಡಲ್ಲ ಅಂತ."

"ಅವಳು ನೋಡಿದ್ದೆಲ್ಲ ಕೊನೆಗೆ ನಿಮ್ಮ ಮುಂದೆ ತಾನೆ ಬರೋದು ಅತ್ತೆ? ನೀವು ನೋಡ್ಲಿಲ್ವಾ?"

ಹಾಲ್‌ನಲ್ಲಿ ಮೊಮ್ಮಗಳು ಪಾಠ ಓದುವುದನ್ನು ನಿಲ್ಲಿಸಿದಳು.

"ನಾನು ನೋಡ್ದೆ ಕಣೇ," ಅತ್ತೆಯ ದನಿ ಏರಿತು. "ಮೂವತ್ತೊಂದು ವರ್ಷ ನೋಡಿದೀನಿ. ನೀನು ಹುಟ್ಟಿ ಮೂಗು ಒರೆಸ್ಕೊಳ್ಳೋದು ಕಲಿಯೋಕ್ಮುಂಚಿಂದ ನೋಡ್ತಿದೀನಿ. ನಿನ್ನ ಕಾಗದದಲ್ಲೂ ಏಳೇ ಇತ್ತು. ಇನ್ನೇನು ಬೇಕು ನಿನಗೆ?"

"ನನಗೆ ನೀವು ಡಾಕ್ಟ್ರ ಹತ್ರ ಬರೋದು ಬೇಕು!"

"ಕುರುಡಿ ಅಂತ ಬರೆಸಿ ಮೂಲೇಲಿ ಕೂರಿಸ್ಬೇಕು, ಅಷ್ಟೇ ತಾನೆ? ಕೂರಿಸು. ಆಮೇಲೆ ನನ್ನ ಜಾಗಕ್ಕೆ ನಿನಗೆ ಬೇಕಾದೋರನ್ನ ತಂದಿಡು."

ಬೇಳೆ ಉಕ್ಕಿ ಒಲೆ ಆರಿತು. ಇಬ್ಬರೂ ಒಟ್ಟಿಗೆ ಬಟ್ಟೆಗೆ ಕೈ ಹಾಕಿ, ಒಟ್ಟಿಗೆ ಬಿಟ್ಟರು. ಕೊನೆಗೆ ಒರೆಸಿದವನು ಆಗ ತಾನೇ ಬಂದ ಗಂಡ. "ರೈಟ್, ಮುಂದೆ ಹೋಗಿ, ಮುಂದೆ ಹೋಗಿ" ಎಂದು ಇಬ್ಬರನ್ನೂ ಒಲೆಯಿಂದ ಆಚೆ ಸರಿಸಿದ. ಯಾರಿಗೂ ನಗು ಬರಲಿಲ್ಲ.

ಆ ರಾತ್ರಿ ಊಟದ ನಂತರ ಸೊಸೆ ಗಂಡನಿಗೆ ಎಲ್ಲವನ್ನೂ ಹೇಳಿದಳು. ಅವನು ಬಹಳ ಹೊತ್ತು ಕಿವಿ ಕೆರೆದುಕೊಂಡ.

"ಹತ್ತೊಂಬತ್ತನ್ನ ಏಳು ಮಾಡಿದ್ಯಾ? ನಿಜ ಬರೆದಿದ್ರೆ ಏನಾಗ್ತಿತ್ತು?"

"ಮಾಲು ವಾಪಸು. ಅರ್ಧ ದಿನ ಮತ್ತೆ ಆರಿಸ್ತಿದ್ರು. ಅಷ್ಟೇ."

"ಅಷ್ಟೇನಾ?"

"ಅಷ್ಟೇ. ಮತ್ತೆ ನಿಮ್ಮಮ್ಮ ನಾಲ್ಕು ದಿನ ಬ್ರೆಡ್ಡು ತಿಂತಿದ್ರು."

"ಬ್ರೆಡ್ಡು ನಾನು ತಂದ್ಕೊಡ್ತಿದ್ನಲ್ಲೇ," ಎಂದ ಅವನು. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಜಗಳದ ದಿನ ಮೊಟ್ಟೆಗೆ ಉಪ್ಪು ಹಾಕಿಕೊಂಡವನು ಈಗ ಬ್ರೆಡ್ಡು ತರುತ್ತಾನಂತೆ! ಆದರೆ ಅವನು ಹೇಳಿದ್ದು ನಿಜವಾಗಿತ್ತು. ಅದಕ್ಕೇ ಇನ್ನಷ್ಟು ಉರಿಯಿತು.

ಭಾನುವಾರ ತರಕಾರಿ ಅಂಗಡಿಯ ಮುಂದೆ ಗುಂಗುರು ಸಿಕ್ಕಳು. ಸೊಸೆ ಟೊಮ್ಯಾಟೊ ಬುಟ್ಟಿಯ ಮೇಲೆ ಬಗ್ಗಿ ಕಾಣದವಳಂತೆ ಮಾಡಿದಳು. ಹುಡುಗಿ ತಾನಾಗಿಯೇ ಬಂದಳು.

"ಅಕ್ಕಾ, ಒಂದ್ಮಾತು. ನಾನು ಯಾವ ಬೀಜ ಬಿಟ್ಟೆ? ನೀವು ಪರೀಕ್ಷೆ ಮಾಡೋರು, ನಿಮಗೆ ಗೊತ್ತಿರುತ್ತೆ. ಹೇಳಿಕೊಟ್ರೆ ತಿದ್ಕೋತೀನಿ. ಬೇರೆ ಕಾರ್ಖಾನೇಲಿ ಕೇಳೋಕೆ ಹೋದ್ರೂ ಇಲ್ಲಿಂದ ಯಾಕೆ ಬಿಟ್ರಿ ಅಂತಾರೆ. ಏನು ಹೇಳ್ಲಿ?"

"ನಿನ್ನ ತಪ್ಪು..." ಎಂದು ಶುರು ಮಾಡಿದಳು ಸೊಸೆ. 'ಏನೂ ಇಲ್ಲ' ಎಂದು ಮುಗಿಸದೆ ಟೊಮ್ಯಾಟೊ ಚೀಲಕ್ಕೆ ತುಂಬತೊಡಗಿದಳು. "ವಿಚಾರಿಸ್ತೀನಮ್ಮ" ಎಂದಳು. ಮನೆಗೆ ಬಂದು ನೋಡಿದರೆ ಚೀಲದ ತುಂಬ ಕೊಳೆತ ಟೊಮ್ಯಾಟೊ. ಬೀಜ ಆರಿಸುವವರ ಮೇಲೆ ದರ್ಬಾರು ಮಾಡುವವಳು ಅಂದು ಟೊಮ್ಯಾಟೊ ಆರಿಸಿರಲಿಲ್ಲ.

ಅತ್ತೆಯನ್ನು ಕಣ್ಣಿನ ಆಸ್ಪತ್ರೆಗೆ ಎಳೆದು ತಂದದ್ದು ಕೊನೆಗೆ ಮೊಮ್ಮಗಳು. ತನಗೆ ಬೋರ್ಡು ಕಾಣುವುದಿಲ್ಲ, ಅಮ್ಮನ ಜೊತೆ ಹೋದರೆ ಅಮ್ಮ ಬೈಯುತ್ತಾಳೆ, ಅಜ್ಜಿ ಬಂದರೆ ಮಾತ್ರ ಹೋಗುತ್ತೇನೆ ಎಂದು ಹಟ ಹಿಡಿದಳು. ಅಜ್ಜಿ ಒಲ್ಲೆ ಎನ್ನಲಾರದೆ ಹೊರಟರು. ಅಲ್ಲಿ ಹುಡುಗಿ ಗೋಡೆಯ ಮೇಲಿನ ಅಕ್ಷರವನ್ನೆಲ್ಲ ಕೊನೆಯ ಸಾಲಿನವರೆಗೆ ಗಡಗಡ ಓದಿ, "ಈಗ ನಮ್ಮಜ್ಜಿಗೆ" ಎಂದುಬಿಟ್ಟಳಂತೆ. ಡಾಕ್ಟರು ಹೆಂಗಸು, ನಿಷ್ಠುರದವಳು. ಎರಡೂ ಕಣ್ಣಿಗೆ ಪೊರೆ, ಕಡಿಮೆಯೆಂದರೂ ಎರಡು ವರ್ಷದ್ದು ಎಂದಳು. ಪೊರೆ ಹಳದಿಗೆ ತಿರುಗಿದೆ, ಲೋಕವೆಲ್ಲ ಹಳದಿಯಾಗಿ ಕಾಣುವಾಗ ಹಳದಿ ಬೇರೆಯಾಗಿ ಕಾಣುವುದಿಲ್ಲ ಎಂದೂ ಹೇಳಿದಳು.

ಮನೆಗೆ ಬಂದ ಅತ್ತೆ ಎರಡು ದಿನ ಯಾರ ಜೊತೆಗೂ ಜಗಳವಾಡಲಿಲ್ಲ. ಆ ಎರಡು ದಿನ ಮನೆಯವರಿಗೆ ಹೆದರಿಕೆಯಾಯಿತು. ಮೂರನೇ ದಿನ ಅನ್ನ ಕಲಸುತ್ತ ಕೂತವರು ತಲೆಯೆತ್ತದೆ ಕೇಳಿದರು.

"ಹಾಗಾದ್ರೆ ಏಳು ಹೇಗೆ ಬಂತು?"

ಸೊಸೆ ಸಾರಿನ ಪಾತ್ರೆ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಗಂಡ ನೀರಿನ ಲೋಟ ಎತ್ತಿ, ಕುಡಿಯದೆ ಇಟ್ಟ.

ಮೊದಲು ಬಲಗಣ್ಣಿಗೆ ಆಪರೇಷನ್, ಎರಡು ವಾರ ಬಿಟ್ಟು ಎಡಗಣ್ಣಿಗೆ. ಪಟ್ಟಿ ಬಿಚ್ಚಿದ ದಿನ ಅತ್ತೆ ಮನೆಯನ್ನು ಸುತ್ತಿ ಬಂದು ತಪ್ಪಿನ ಪಟ್ಟಿ ಒಪ್ಪಿಸಿದರು. ಗೋಡೆ ಕೊಳಕು. ಪಾತ್ರೆಯ ಅಡಿ ಕರಕಲು. ಮಗನ ತಲೆ ನೆರೆತಿದೆ. ಕರವಸ್ತ್ರಗಳನ್ನು ಬೆಳಕಿಗೆ ಹಿಡಿದು, "ಇಷ್ಟು ದಿನ ಇದನ್ನ ನಾನು ಒಗೆದೆ ಅಂತ ಯಾರೂ ಹೇಳ್ಬೇಡಿ" ಎಂದರು. ಮೊಮ್ಮಗಳ ಮುಖವನ್ನು ಮಾತ್ರ ಎರಡೂ ಕೈಯಲ್ಲಿ ಹಿಡಿದು ಸುಮ್ಮನೆ ನೋಡಿದರು. ಸೊಸೆಯ ಮುಖವನ್ನು ನೋಡಲೇ ಇಲ್ಲ.

ಕೆಲಸಕ್ಕೆ ಮರಳಿದ ಮೊದಲ ದಿನ ಗೇಟು ದಾಟಿದ ಮೇಲೆ ಅತ್ತೆ ಎಡಕ್ಕೆ ತಿರುಗಲಿಲ್ಲ. ಸೊಸೆಯ ಹಿಂದೆಯೇ ಬಲಕ್ಕೆ ಬಂದರು. ಮೂವತ್ತೊಂದು ವರ್ಷದಲ್ಲಿ ಆ ಕೋಣೆಯೊಳಗೆ ಅವರು ಕಾಲಿಟ್ಟಿದ್ದು ಅಂದೇ ಮೊದಲು.

"ಆ ಸೋಮವಾರದ ಡಬ್ಬಿ ತೆಗಿ."

"ಅತ್ತೆ, ಡಬ್ಬಿ ಒಡೆಯೋಕೆ ಸೂಪರ್‌ವೈಸರ್ ಅಪ್ಪಣೆ..."

"ತೆಗಿ ಅಂದೆ."

ಸೊಸೆ ತೆಗೆದಳು. ಅತ್ತೆ ಅಂಟುಕಾಗದ ಕಿತ್ತು, ಬೀಜವನ್ನು ಕಪ್ಪು ಬಟ್ಟೆಯ ಮೇಲೆ ಸುರಿದು, ಅಂಗೈಯಿಂದ ಒಮ್ಮೆ ಸವರಿ ಹರಡಿದರು. ಎರಡು ಬೆರಳು ಕೋಳಿ ಕಾಳು ಹೆಕ್ಕಿದ ಹಾಗೆ ಓಡಿದವು. ಸೊಸೆಗೆ ಇಪ್ಪತ್ತು ನಿಮಿಷ ಹಿಡಿದ ಕೆಲಸ ನಾಲ್ಕು ನಿಮಿಷದಲ್ಲಿ ಮುಗಿಯಿತು. ಹೆಕ್ಕಿದ್ದನ್ನು ಮೇಜಿನ ಅಂಚಿನಲ್ಲಿ ಸಾಲಾಗಿ ಇಟ್ಟು ಅತ್ತೆ ಅವನ್ನೇ ದಿಟ್ಟಿಸಿದರು. ತಾವು ನೋಡಿ ದಾಟಿಸಿದ ಬೀಜಗಳು. ಅಳುತ್ತಾರೇನೋ ಎಂದುಕೊಂಡಳು ಸೊಸೆ. ಅಳಲಿಲ್ಲ.

"ಎಷ್ಟು ಎಣಿಸಿದ್ದೆ?"

"ಹತ್ತೊಂಬತ್ತು."

"ಇಪ್ಪತ್ತಿದೆ. ನಿನಗೂ ಒಂದು ತಪ್ಪಿದೆ." ಅತ್ತೆ ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದರು. "ನಾನು ಕಾಣದೆ ಬಿಟ್ಟೆ. ನೀನು ಕಂಡು ಬಿಟ್ಟೆ."

"ನಿಮಗೋಸ್ಕರ..."

"ನನಗೋಸ್ಕರ ಅಂತ ಅನ್ಬೇಡ! ನನ್ನ ಬಾಯಿಗೆ ಹೆದರಿ ಮಾಡ್ದೆ, ಅದನ್ನ ಹೇಳು. ಒಪ್ಕೋತೀನಿ, ನನ್ನ ಬಾಯಿ ಕೆಟ್ಟದ್ದು. ಆದ್ರೆ ನೀನು ಅವತ್ತೇ ಹತ್ತೊಂಬತ್ತು ಅಂತ ಬರೆದಿದ್ರೆ ನಾನು ಕಿರುಚಾಡಿ, ಮತ್ತೆ ಆರಿಸಿ, ಇನ್ನೆರಡು ಸಲ ಹಾಗೇ ಆಗಿ, ನಾಚಿಕೆಯಾಗಿ ನಾನೇ ಡಾಕ್ಟ್ರ ಹತ್ರ ಹೋಗ್ತಿದ್ದೆ. ನೀನು ಏಳು ಅಂದೆ. ನಾನು ನಂಬ್ದೆ. ನಂಬಿ ಆ ಹುಡುಗಿ ಮೇಲೆ ಹೇಳ್ಬಂದೆ." ಉಸಿರು ಎಳೆದುಕೊಂಡರು. "ನಡಿ. ಕಣ್ಣಿನ ವಿಷ್ಯ ನಾನು ಹೇಳ್ತೀನಿ, ಕಾಗದದ ವಿಷ್ಯ ನೀನು ಹೇಳು."

"ಕೆಲಸ ಹೋದ್ರೆ?"

"ಹುಡುಗೀದು ಹೋಗ್ಲಿಲ್ವಾ?"

ಅತ್ತೆ ಬಾಗಿಲಲ್ಲಿ ನಿಂತರು. ಸೊಸೆ ಇಪ್ಪತ್ತು ಬೀಜವನ್ನು ಒಂದು ಬಟ್ಟಲಿಗೆ ಬಳಿದುಕೊಂಡು ಹಿಂದೆ ಹೊರಟಳು. ನಡೆದಂತೆ ಬಟ್ಟಲಲ್ಲಿ ಬೀಜ ಸದ್ದು ಮಾಡಿತು.

ಸೂಪರ್‌ವೈಸರು ಕೂಗಾಡಲಿಲ್ಲ. ಕೂಗಾಡಿದ್ದರೆ ಸೊಸೆಗೆ ಎಷ್ಟೋ ಹಗುರವಾಗುತ್ತಿತ್ತು. "ನಿಮ್ಮ ಎಣಿಕೆ ತಪ್ಪಲ್ಲ ಅಂತ ಹೊರಗಿನೋರಿಗೆಲ್ಲ ಹೇಳ್ತಿದ್ದೆ ಅಮ್ಮ" ಎಂದು ಮಾತ್ರ ಹೇಳಿ ಬಟ್ಟಲನ್ನು ತನ್ನ ಕಡೆಗೆ ಎಳೆದುಕೊಂಡ. ಕೆಲಸ ಹೋಗಲಿಲ್ಲ, ಸಹಿ ಹೋಯಿತು. ಪರೀಕ್ಷೆ ಕೋಣೆಗೆ ಬೇರೆ ಕಡೆಯಿಂದ ಒಬ್ಬನನ್ನು ಕರೆಸಿದರು. ಗುಂಗುರುವಿಗೆ ಹೇಳಿಕಳಿಸಿದರು. ಸೊಸೆಗೆ ಆರಿಸುವ ಹಜಾರದಲ್ಲಿ ಜಾಗ ಕೊಟ್ಟರು. ಖಾಲಿ ಇದ್ದದ್ದು ಮೂರನೇ ಮೇಜಿನಲ್ಲೇ.

ಮರುವಾರ ಅವಳು ಅಲ್ಲಿ ಕೂತಾಗ ಎಡಕ್ಕೆ ಅತ್ತೆ, ಬಲಕ್ಕೆ ಗುಂಗುರು. ನಿದ್ದೆಗೆಟ್ಟು ನಾಲ್ಕು ಮಾತು ಸಿದ್ಧಮಾಡಿಕೊಂಡು ಬಂದಿದ್ದಳು. "ನೋಡಮ್ಮ, ನನ್ನಿಂದ..." ಎಂದಳು. ಹುಡುಗಿ ಬೀಜದಿಂದ ಕಣ್ಣು ಎತ್ತಲಿಲ್ಲ.

"ಟೊಮ್ಯಾಟೊ ಅಂಗಡಿ ಹತ್ರ ಕೇಳಿದ್ನಲ್ಲ ಅಕ್ಕಾ, ಆಗ ಹೇಳ್ಬೇಕಿತ್ತು."

ಅತ್ತೆ ಕೇಳಿಸಿಕೊಂಡರು. ಸೊಸೆಯ ಪರವಾಗಿಯೂ ಒಂದು ಮಾತಾಡಲಿಲ್ಲ, ತಮ್ಮ ಪರವಾಗಿಯೂ ಆಡಲಿಲ್ಲ. ಅತ್ತೆಗೂ ಗುಂಗುರುವಿಗೂ ನಡುವಿನ ಕ್ಷಮಾಪಣೆ ಏನಾಯಿತೋ ಸೊಸೆಗೆ ತಿಳಿಯದು. ಗುಂಗುರು ಈಗ ಹದ್ದಮ್ಮ ಎನ್ನುವುದನ್ನು ಬಿಟ್ಟು 'ನೀವು' ಎಂದಷ್ಟೇ ಮಾತಾಡುತ್ತಿದ್ದಳು.

ಕೋಣೆಯಲ್ಲಿ ಕೂತು ಮುನ್ನೂರು ಗ್ರಾಂ ನೋಡುವುದು ಬೇರೆ, ರಾಶಿ ಮೇಲಿಂದ ಮೇಲೆ ಬಂದು ಬೀಳುವಾಗ ನೋಡುವುದು ಬೇರೆ. ಹತ್ತು ಗಂಟೆಗೇ ಸೊಸೆಯ ಕಣ್ಣು ಉರಿಯತೊಡಗಿತು, ಕತ್ತು ಹಿಡಿಯಿತು. ತಾನು ಒಂಬತ್ತು ವರ್ಷ ಈ ಹೆಂಗಸರ ಹೆಸರಿಗೆ ಅಂಕ ಬರೆದವಳು! ಅವಳು ನೋಡಿ ಮುಂದೆ ತಳ್ಳಿದ ಗುಡ್ಡೆಯೊಳಗಿಂದ ಗುಂಗುರು ಒಂದು ಹಳದಿ ಬೀಜ ಎತ್ತಿ, ಮಾತಿಲ್ಲದೆ ಅವಳ ಮುಂದೆ ಇಟ್ಟಳು. ಸ್ವಲ್ಪ ಹೊತ್ತಿಗೆ ಇನ್ನೊಂದು. ಊಟದ ಮೇಲೆ ಮತ್ತೆ ಮೂರು, ಕಣ್ಣು ದಣಿದ ಸಂಜೆಯ ಹೊತ್ತಿಗೆ ಇನ್ನೂ ಹನ್ನೆರಡು. ಅತ್ತೆ ಓರೆಗಣ್ಣಿನಿಂದ ನೋಡುತ್ತಿದ್ದರು. ಸಂಜೆ ಗಂಟೆ ಹೊಡೆದಾಗ ಹೊಸದಾಗಿ ಬಂದ ಪರೀಕ್ಷೆಯವನು, ತಾನು ತಂದ ಪದ್ಧತಿಯಂತೆ, ಪುಸ್ತಕ ಹಿಡಿದು ಬಂದು, ಪ್ರತಿಯೊಬ್ಬರ ಮುಂದೆಯೂ ನಿಂತು ಕೇಳಿದ. ಕೈ ತಪ್ಪಿ ದಾಟಿದ್ದು ಎಷ್ಟು?

ಇಡೀ ಮೇಜು ಕೈ ನಿಲ್ಲಿಸಿ ಅವಳ ಕಡೆ ನೋಡಿತು.

"ಹದಿನೇಳು" ಎಂದಳು ಸೊಸೆ.